ನಕ್ಷತ್ರದ ಗಾಳಿಗೆ ಮೈಯೊಡ್ಡಿದ ಲೋಕಗಳು

ಸಿಂಹ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು ಮೂವತ್ತು ಬೆಳಕಿನ ವರ್ಷಗಳಾಚೆ, ಗ್ಲೀಸೆ 436 ಎಂಬ ಮಂಕು ಕೆಂಪು ನಕ್ಷತ್ರವಿದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನೆಪ್ಚೂನಿಗಿಂತ ತುಸು ಹೆಚ್ಚು ತೂಕದ ಗ್ರಹವೊಂದು ಅದರ ಮಗ್ಗುಲಲ್ಲೇ ಇದ್ದು, 2.6 ದಿನಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಈ ಗ್ರಹ ನಮಗೂ ನಕ್ಷತ್ರಕ್ಕೂ ನಡುವೆ ಹಾದುಹೋಗುವಾಗ ನಕ್ಷತ್ರದ ಬೆಳಕು ಶೇಕಡಾ 0.7ರಷ್ಟು ಮಾತ್ರ ಕುಂದುತ್ತದೆ. ದೊಡ್ಡ ದೀಪದ ಮುಂದೆ ಸಣ್ಣ ಹುಳು ಹಾರಿದಂತೆ. ಆದರೆ ಅದೇ ಹಾದುಹೋಗುವಿಕೆಯನ್ನು ಹಬಲ್ ದೂರದರ್ಶಕ ಅತಿನೇರಳೆ ಬೆಳಕಿನಲ್ಲಿ, ಹೈಡ್ರೋಜನ್ ಹೀರಿಕೊಳ್ಳುವ ಬಣ್ಣದಲ್ಲಿ ನೋಡಿದಾಗ ಬೇರೆಯೇ ಲೆಕ್ಕ ಸಿಕ್ಕಿತು. ನಕ್ಷತ್ರದ ಬೆಳಕಿನ ಶೇಕಡಾ 56 ಭಾಗ ಮರೆಯಾಗಿತ್ತು. ಅಷ್ಟೇ ಅಲ್ಲ, ಗ್ರಹ ನಕ್ಷತ್ರದ ಅಂಚನ್ನು ಮುಟ್ಟುವ ಸುಮಾರು ಎರಡು ಗಂಟೆ ಮೊದಲೇ ಮಬ್ಬು ಶುರುವಾಗಿ, ಗ್ರಹ ದಾಟಿಹೋದ ಮೇಲೂ ಗಂಟೆಗಟ್ಟಲೆ ಉಳಿದಿತ್ತು. ಜಿನೀವಾದ ಡೇವಿಡ್ ಎರೆನ್‌ರೈಶ್ ಮತ್ತು ಸಂಗಡಿಗರು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು.

ಗ್ರಹವೇನೂ ಹಿಗ್ಗಿರಲಿಲ್ಲ. ಅದರ ವಾಯುಮಂಡಲ ಹೊರಕ್ಕೆ ಸೋರಿ, ತನ್ನ ನಕ್ಷತ್ರದ ತಟ್ಟೆಯ ಅರ್ಧಕ್ಕೂ ಹೆಚ್ಚು ಭಾಗವನ್ನು ಮುಚ್ಚುವಷ್ಟು ದೊಡ್ಡ ಹೈಡ್ರೋಜನ್ ಮೋಡವಾಗಿ ಹರಡಿತ್ತು. ಮೋಡದ ಹಿಂದೆ ಧೂಮಕೇತುವಿಗಿರುವಂಥ ಉದ್ದನೆಯ ಬಾಲವೂ ಇತ್ತು. ಸೆಕೆಂಡಿಗೆ ನೂರರಿಂದ ಸಾವಿರ ಟನ್ ಅನಿಲ ಈ ಗ್ರಹವನ್ನು ಬಿಟ್ಟುಹೋಗುತ್ತಿದೆ ಎಂಬುದು ಅವರ ಅಂದಾಜು.

ಕಾವು ಹೆಚ್ಚಾದರೆ ಅನಿಲ ಹಿಗ್ಗುತ್ತದೆ, ಮೇಲೇಳುತ್ತದೆ; ಅದರಲ್ಲಿ ಹೊಸತೇನಿಲ್ಲ. ಆದರೆ ಮೇಲೆದ್ದ ಅನಿಲ ಮೋಡವಾಗಿ ನಿಲ್ಲುವುದೋ, ಬಾಲವಾಗಿ ಎಳೆದುಹೋಗುವುದೋ, ಗ್ರಹದ ಮುಂದಕ್ಕೆ ಚಾಚುವುದೋ, ಇಲ್ಲಾ ಅಲ್ಲೇ ಅದುಮಿಹೋಗುವುದೋ ಎಂಬುದನ್ನು ಕಾವೊಂದೇ ತೀರ್ಮಾನಿಸುವುದಿಲ್ಲ. ಅದರಲ್ಲಿ ನಕ್ಷತ್ರ ಬೀಸುವ ಗಾಳಿಯ ಪಾಲೂ ಇದೆ. ಆ ಗಾಳಿ ಬೆಳಕಿಗಿಂತ ಬೇರೆ, ಬಿಸಿಲಿಗಿಂತ ಬೇರೆ. ಬೇರೆ ಲೋಕಗಳ ಬಗ್ಗೆ ಮಾತನಾಡುವಾಗ ನಾವು ಬಿಸಿಲನ್ನು ಅಳೆಯುತ್ತೇವೆ, ಗಾಳಿಯನ್ನು ಮರೆಯುತ್ತೇವೆ. ಅದನ್ನು ಮರೆಯಬಾರದು ಎಂಬುದೇ ಈ ಬರಹದ ಕಾಳಜಿ.

ನಮ್ಮ ಸೂರ್ಯನಿಗೂ ಗಾಳಿಯಿದೆ. ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿ ಚಾಚಿರುವುದನ್ನು ಕಂಡು, ಸೂರ್ಯನಿಂದ ಕಣಗಳು ಎಡೆಬಿಡದೆ ಹೊರಹರಿಯುತ್ತಿರಬೇಕು ಎಂದು ಜರ್ಮನಿಯ ಲುಡ್ವಿಗ್ ಬಿಯರ್‌ಮಾನ್ 1951ರಲ್ಲಿ ವಾದಿಸಿದ್ದರು. ಅದಕ್ಕೆ ಗಣಿತದ ರೂಪ ಕೊಟ್ಟವರು ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಪಾರ್ಕರ್. ಸೂರ್ಯನ ಹೊರಕವಚವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮಿಕ್ಕ ಬಿಸಿ. ಅಷ್ಟು ಬಿಸಿಯಾದ ಅನಿಲವನ್ನು ಸೂರ್ಯನ ಗುರುತ್ವ ಪೂರ್ತಿ ಹಿಡಿದಿಡಲಾರದು. ಅದು ಹೊರಕ್ಕೆ ಹರಿಯಲೇಬೇಕು, ಹರಿಯುತ್ತ ಹರಿಯುತ್ತ ಶಬ್ದದ ವೇಗವನ್ನು ಮೀರಲೇಬೇಕು ಎಂದು ಅವರು 1958ರಲ್ಲಿ ತೋರಿಸಿದರು. ಲೇಖನವನ್ನು ಓದಿದ ಇಬ್ಬರು ಪರಿಶೀಲಕರೂ ಒಪ್ಪಲಿಲ್ಲ. ಆಗ 'ಆಸ್ಟ್ರೋಫಿಸಿಕಲ್ ಜರ್ನಲ್' ಪತ್ರಿಕೆಯ ಸಂಪಾದಕರಾಗಿದ್ದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ಕಲ್ಪನೆ ಹಿಡಿಸಿರಲಿಲ್ಲ. ಆದರೂ ಗಣಿತದಲ್ಲಿ ತಪ್ಪಿಲ್ಲವೆಂಬ ಒಂದೇ ಕಾರಣಕ್ಕೆ ಅಚ್ಚು ಹಾಕಿಸಿದರು. ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆ 1962ರಲ್ಲಿ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆದು ಪಾರ್ಕರ್ ಮಾತನ್ನು ದೃಢಪಡಿಸಿತು. ತನಗೆ ಒಪ್ಪಿಗೆಯಾಗದ ವಿಚಾರಕ್ಕೂ ನ್ಯಾಯ ಸಲ್ಲಿಸಿದ ಆ ಸಂಪಾದಕನಿಗೆ ವಿಜ್ಞಾನ ಇಂದಿಗೂ ಋಣಿ.

ಸೂರ್ಯನ ಈ ಗಾಳಿ, ಅಂದರೆ ಸೌರ ಮಾರುತ, ನಮ್ಮ ಮೈಗೆ ತಾಕುವ ಗಾಳಿಯಂಥದ್ದಲ್ಲ. ಪ್ರೋಟಾನು, ಎಲೆಕ್ಟ್ರಾನುಗಳ ತೆಳ್ಳನೆಯ ಪ್ಲಾಸ್ಮಾ ಅದು. ಭೂಮಿಯ ಬಳಿ ಬರುವಷ್ಟರಲ್ಲಿ ಒಂದು ಘನ ಸೆಂಟಿಮೀಟರಿನಲ್ಲಿ ಐದೋ ಹತ್ತೋ ಕಣಗಳಷ್ಟೇ ಉಳಿದಿರುತ್ತವೆ. ಆದರೆ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಜೊತೆಗೆ ಅದು ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದು ತರುತ್ತದೆ. ಈ ಗಾಳಿಯಲ್ಲಿ ಸೂರ್ಯ ಪ್ರತಿ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ದ್ರವ್ಯ ಕಳೆದುಕೊಳ್ಳುತ್ತಾನೆ. ಭಾರತದ ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ ಭೂಮಿಗಿಂತ 15 ಲಕ್ಷ ಕಿಲೋಮೀಟರ್ ಮುಂದೆ ನಿಂತು ಇದೇ ಗಾಳಿಯ ಕಣಗಳನ್ನು ಎಣಿಸುತ್ತಿದೆ. ಗಾಳಿ ಹುಟ್ಟುವ ಕರೋನಾವನ್ನು ನೋಡುವ ಅದರ ದೊಡ್ಡ ಉಪಕರಣ ಸಿದ್ಧವಾದದ್ದು ನಮ್ಮ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಭೂಮಿಗೆ ತನ್ನದೇ ಕಾಂತಕ್ಷೇತ್ರದ ಕೊಡೆಯಿದೆ. ಸೂರ್ಯನ ಕಡೆಗೆ ಸುಮಾರು 65 ಸಾವಿರ ಕಿಲೋಮೀಟರ್ ದೂರದಲ್ಲೇ ಅದು ಗಾಳಿಯನ್ನು ತಡೆದು ಪಕ್ಕಕ್ಕೆ ಹರಿಸುತ್ತದೆ. ಮಂಗಳನಿಗೆ ಅಂಥ ಕೊಡೆ ಇಲ್ಲ. ನಾಸಾದ ಮೇವನ್ ನೌಕೆ ಅಲ್ಲಿ ಅಳೆದಾಗ, ಸೌರ ಮಾರುತ ಸೆಕೆಂಡಿಗೆ ನೂರು ಗ್ರಾಮಿನಷ್ಟು ಅನಿಲವನ್ನು ಮಂಗಳದಿಂದ ಕಿತ್ತೊಯ್ಯುತ್ತಿರುವುದು ಗೊತ್ತಾಯಿತು. ಸೂರ್ಯ ಕೆರಳಿದಾಗ ಈ ಸೋರಿಕೆ ಏರುತ್ತದೆ. ನೂರು ಗ್ರಾಂ ಎಂದರೆ ಅಲ್ಪವೆನಿಸಬಹುದು. ಕೋಟ್ಯಂತರ ವರ್ಷಗಳ ಲೆಕ್ಕ ಹಾಕಿದರೆ ಅಲ್ಪವಲ್ಲ.

ಇದೆಲ್ಲ ಸೂರ್ಯನಿಂದ ದೂರದಲ್ಲಿರುವ ಗ್ರಹಗಳ ಮಾತಾಯಿತು. ಸೂರ್ಯನ ತ್ರಿಜ್ಯವನ್ನೇ ಅಳತೆಗೋಲು ಮಾಡಿಕೊಂಡರೆ ಭೂಮಿ ಇರುವುದು 215 ತ್ರಿಜ್ಯಗಳಾಚೆ. ಬೆಂದುಹೋದ ಬುಧನೂ ಸರಾಸರಿ 83 ತ್ರಿಜ್ಯ ದೂರದಲ್ಲಿದ್ದಾನೆ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಕಂಡುಹಿಡಿದ 51 ಪೆಗಾಸಿ ಬಿ ಇರುವುದು ಬರೀ 11 ಸೌರ ತ್ರಿಜ್ಯಗಳ ದೂರದಲ್ಲಿ! ಗುರುವಿನ ಅರ್ಧದಷ್ಟು ತೂಕದ ಈ ದೈತ್ಯ ತನ್ನ ನಕ್ಷತ್ರವನ್ನು ನಾಲ್ಕು ದಿನ ಚಿಲ್ಲರೆಯಲ್ಲಿ ಸುತ್ತುತ್ತದೆ. ಅಲ್ಲಿಯವರೆಗೆ ಅಷ್ಟು ದೊಡ್ಡ ಗ್ರಹ ಅಷ್ಟು ಹತ್ತಿರ ಇರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. ಆ ಶೋಧಕ್ಕೆ 2019ರ ನೊಬೆಲ್ ಬಂತು. 'ಬಿಸಿ ಗುರು'ಗಳೆಂದು ಕರೆಸಿಕೊಳ್ಳುವ ಇಂಥ ಗ್ರಹಗಳು ಆಮೇಲೆ ನೂರಾರು ಸಿಕ್ಕಿವೆ.

ಅಷ್ಟು ಹತ್ತಿರದಲ್ಲಿ ಗಾಳಿಯ ಸ್ವಭಾವವೇ ಬೇರೆ. ದೂರ ಇಪ್ಪತ್ತನೇ ಒಂದು ಪಾಲಿಗೆ ಇಳಿದರೆ ಗಾಳಿಯ ದಟ್ಟಣೆ ನಾನೂರು ಪಟ್ಟು ಏರುತ್ತದೆ. ಗಾಳಿ ಅಲ್ಲಿ ಇನ್ನೂ ಪೂರ್ತಿ ವೇಗ ಪಡೆದಿರುವುದಿಲ್ಲ, ಹಾಗಾಗಿ ಕಣಗಳು ಇನ್ನಷ್ಟು ಒತ್ತಾಗಿರುತ್ತವೆ. ಕಾಂತಕ್ಷೇತ್ರವೂ ಅಲ್ಲಿ ಬಲು ಬಿಗಿ.

ಇನ್ನೊಂದು ವಿಚಾರ ಗ್ರಹದ ಓಟದ್ದು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸಾಗಿದರೆ, 51 ಪೆಗಾಸಿ ಬಿ ಸಾಗುವುದು ಸುಮಾರು 134 ಕಿಲೋಮೀಟರ್ ವೇಗದಲ್ಲಿ. ಮಳೆ ನೇರ ಸುರಿಯುತ್ತಿದ್ದರೂ ಬೈಕಿನಲ್ಲಿ ಹೋಗುವವರ ಎದೆ ಮೊದಲು ನೆನೆಯುತ್ತದಲ್ಲ, ಇದೂ ಹಾಗೆಯೇ. ಗಾಳಿ ನಕ್ಷತ್ರದಿಂದ ನೇರ ಹೊರಗೆ ಬೀಸುತ್ತಿದ್ದರೂ ಓಡುವ ಗ್ರಹಕ್ಕೆ ಅದು ಓರೆಯಾಗಿ, ಮುಂಭಾಗದಿಂದ ಬಡಿಯುತ್ತದೆ. ಹಾಗಾಗಿ ಗ್ರಹದಿಂದ ಸೋರಿದ ಅನಿಲ ನೇರ ಹಿಂದಕ್ಕೆ ಹೋಗದೆ ಬಾಗಿದ ಬಾಲವಾಗಿ, ಗ್ರಹ ನಡೆದುಬಂದ ದಾರಿಯುದ್ದಕ್ಕೂ ಉಳಿಯುತ್ತದೆ.

ಸೋರಿಕೆ ಶುರುವಾಗುವ ಬಗೆ ಹೀಗೆ: ನಕ್ಷತ್ರದ ಕ್ಷ-ಕಿರಣ ಮತ್ತು ತೀವ್ರ ಅತಿನೇರಳೆ ಕಿರಣಗಳನ್ನು ಗ್ರಹದ ಮೇಲುಸ್ತರದ ಹೈಡ್ರೋಜನ್ ಹೀರಿಕೊಂಡು ಹತ್ತು ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಅಲ್ಲಿ ಪರಮಾಣುಗಳು ಒಂದೊಂದಾಗಿ ತಪ್ಪಿಸಿಕೊಳ್ಳುವುದಲ್ಲ. ಇಡೀ ಪದರವೇ ಎದ್ದು ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಸೂರ್ಯನ ಕರೋನಾದ ಬಗ್ಗೆ ಪಾರ್ಕರ್ ಹೇಳಿದ ಮಾತು ಇಲ್ಲಿ ಗ್ರಹಕ್ಕೂ ಒಪ್ಪುತ್ತದೆ. ಅಂದರೆ ಇಂಥ ಗ್ರಹಕ್ಕೆ ತನ್ನದೇ ಒಂದು ಗಾಳಿ ಇರುತ್ತದೆ. ಇದರ ಮೊದಲ ಸುಳಿವು ಸಿಕ್ಕಿದ್ದು 2003ರಲ್ಲಿ, ಎಚ್‌ಡಿ 209458 ಬಿ ಎಂಬ ಗ್ರಹದಲ್ಲಿ. ಕಾಣುವ ಬೆಳಕಿನಲ್ಲಿ ಶೇಕಡಾ 1.5ರಷ್ಟು ಮರೆ ಮಾಡುವ ಅದು ಹೈಡ್ರೋಜನಿನ ಲೈಮನ್-ಆಲ್ಫಾ ಬಣ್ಣದಲ್ಲಿ ಶೇಕಡಾ 15ರಷ್ಟು ಮರೆ ಮಾಡುತ್ತಿತ್ತು. ಫ್ರಾನ್ಸಿನ ಆಲ್ಫ್ರೆಡ್ ವಿಡಾಲ್-ಮಾಜಾರ್ ತಂಡ ಅದನ್ನು ಹಬಲ್ ಮೂಲಕ ಕಂಡಿತು.

ಹಾಗೆ ಕಂಡ ಹೈಡ್ರೋಜನ್ ಸೆಕೆಂಡಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನಕ್ಷತ್ರದಿಂದ ದೂರಕ್ಕೆ ಧಾವಿಸುತ್ತಿತ್ತು. ಕಾವಿನಿಂದ ಎದ್ದ ಅನಿಲಕ್ಕೆ ಹತ್ತಾರು ಕಿಲೋಮೀಟರಿಗಿಂತ ಹೆಚ್ಚು ವೇಗ ಬರಲಾರದು. ಉಳಿದದ್ದು ಎಲ್ಲಿಂದ ಬಂತು? ಬೆಳಕಿನ ಒತ್ತಡವೇ ತಳ್ಳಿರಬಹುದು ಎಂಬುದು ಒಂದು ಉತ್ತರ. ಸ್ವೀಡನ್ನಿನ ಮ್ಯಾಟ್ಸ್ ಹೋಮ್‌ಸ್ಟ್ರಮ್ ಮತ್ತು ಸಂಗಡಿಗರು 2008ರಲ್ಲಿ ಕೊಟ್ಟ ಇನ್ನೊಂದು ಉತ್ತರ ಸೊಗಸಾಗಿದೆ. ನಕ್ಷತ್ರದ ಗಾಳಿಯಲ್ಲಿ ರಭಸದಿಂದ ಬರುವ ಪ್ರೋಟಾನು, ಗ್ರಹದಿಂದ ಬಂದ ಹೈಡ್ರೋಜನ್ ಪರಮಾಣುವನ್ನು ಹಾದುಹೋಗುವಾಗ ಅದರ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಎಲೆಕ್ಟ್ರಾನು ಸಿಕ್ಕಿದ ಕೂಡಲೇ ಪ್ರೋಟಾನು ತಾನೇ ಹೈಡ್ರೋಜನ್ ಪರಮಾಣುವಾಗುತ್ತದೆ, ವೇಗ ಮಾತ್ರ ಗಾಳಿಯದೇ ಉಳಿಯುತ್ತದೆ. ಹಾಗಾದರೆ ನಾವು ಕಂಡ ವೇಗದ ಹೈಡ್ರೋಜನಿನಲ್ಲಿ ಒಂದು ಪಾಲು ನಕ್ಷತ್ರದ್ದು. ಗ್ರಹದಿಂದ ಎಲೆಕ್ಟ್ರಾನನ್ನು ಕಡ ಪಡೆದು ಹೊಸ ರೂಪ ತಳೆದದ್ದು. ಎರಡು ಗಾಳಿಗಳು ಎದುರಾದಾಗ ಬರೀ ಡಿಕ್ಕಿಯಾಗುವುದಿಲ್ಲ, ಕೊಡುಕೊಳ್ಳುವಿಕೆಯೂ ನಡೆಯುತ್ತದೆ.

ಈ ಎರಡು ಗಾಳಿಗಳಲ್ಲಿ ಯಾವುದು ಮೇಲುಗೈ ಸಾಧಿಸುತ್ತದೆ ಎಂಬುದರ ಮೇಲೆ ನಮಗೆ ಕಾಣುವ ಚಿತ್ರ ನಿಂತಿದೆ. ಗ್ರಹದ ಗಾಳಿ ಜೋರಾಗಿದ್ದರೆ ಅನಿಲ ನಕ್ಷತ್ರದ ಕಡೆಗೂ ಚಾಚಬಲ್ಲದು. ನಕ್ಷತ್ರದ ಗಾಳಿ ಜೋರಾಗಿದ್ದರೆ ಅದು ಗ್ರಹದ ಮೈಗೆ ಅದುಮಿಹೋಗಿ ನಮ್ಮ ಕಣ್ಣಿಗೇ ಬೀಳದಿರಬಹುದು. ಎಯು ಮೈಕ್ರೋಸ್ಕೋಪಿ ಎಂಬ ಎಳೆಯ ನಕ್ಷತ್ರದ ಸುತ್ತ ಎಂಟೂವರೆ ದಿನಕ್ಕೊಮ್ಮೆ ತಿರುಗುವ ಗ್ರಹವನ್ನು ಹಬಲ್ ಎರಡು ಬಾರಿ ನೋಡಿತು. ಮೊದಲ ಬಾರಿ ಸೋರಿಕೆಯ ಗುರುತೇ ಇರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದು ಮತ್ತೆ ನೋಡಿದಾಗ ಹೈಡ್ರೋಜನ್ ಸ್ಪಷ್ಟವಾಗಿತ್ತು, ಅದೂ ಗ್ರಹಕ್ಕಿಂತ ಮುಂದೆ! 2023ರಲ್ಲಿ ಪ್ರಕಟವಾದ ಈ ಫಲಿತಾಂಶ ನಮಗೆ ಕಲಿಸಿದ್ದು ಇಷ್ಟು: ಅಲ್ಲಿನ ಗಾಳಿಗೂ ದಿನಮಾನವಿದೆ. ಒಂದು ದಿನ ನೋಡಿ ಒಂದು ಲೋಕದ ಬಗ್ಗೆ ತೀರ್ಪು ಕೊಡುವಂತಿಲ್ಲ.

ಅತಿನೇರಳೆ ಬೆಳಕು ಭೂಮಿಯ ವಾಯುಮಂಡಲವನ್ನು ದಾಟಿ ಕೆಳಗೆ ಬರುವುದಿಲ್ಲ. ಅದಕ್ಕೆ ಹಬಲ್ ಬೇಕೇ ಬೇಕು. ನೆಲದ ಮೇಲಿನ ದೂರದರ್ಶಕಗಳಿಗೆ ಈ ಬಾಲಗಳನ್ನು ಕಾಣುವ ದಾರಿ ತೆರೆದದ್ದು ಹೀಲಿಯಂ. ಆ ಹೀಲಿಯಮ್ಮಿನ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ಅಡ್ಡಹಾದು ಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ರೋಹಿತದರ್ಶಕ ಹಿಡಿದು ಕೂತಿದ್ದರೆ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಕೂತಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ ಅವರು. ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಗಳ ರೋಹಿತದಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಹೊಳೆಯುತ್ತ ಕಂಡವು. ಕಿತ್ತಳೆ–ಹಳದಿಯ ಆ ಗೆರೆ ಸೋಡಿಯಮ್ಮಿನದೆಂದು ಮೊದಲು ಭಾವಿಸಲಾಗಿತ್ತು. ಅಲ್ಲ, ಅದು ಹೊಸ ಧಾತುವಿನದು ಎಂಬ ಅರಿವು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಅವರಿಂದ ಬಂತು. ಸೂರ್ಯನ ಗ್ರೀಕ್ ಹೆಸರಿನಿಂದಲೇ ಅದು ಹೀಲಿಯಂ ಆಯಿತು.

ಅದೇ ಹೀಲಿಯಂ 1083 ನ್ಯಾನೋಮೀಟರಿನ ಅವಕೆಂಪು ಬೆಳಕನ್ನೂ ಹೀರುತ್ತದೆ, ಆ ಬೆಳಕು ನಮ್ಮ ನೆಲದವರೆಗೂ ಬರುತ್ತದೆ. 2018ರಲ್ಲಿ ವಾಸ್ಪ್-107 ಬಿ ಎಂಬ ಗ್ರಹದ ಸುತ್ತ ಹೀಲಿಯಂ ಮೊದಲ ಬಾರಿಗೆ ಕಂಡಿತು. ವಾಸ್ಪ್-69 ಬಿ ಗ್ರಹದ ಬಾಲವನ್ನು 2024ರಲ್ಲಿ ಹವಾಯಿಯ ಕೆಕ್ ದೂರದರ್ಶಕದಿಂದ ಅಳೆದಾಗ ಅದು ಕನಿಷ್ಠ 5.6 ಲಕ್ಷ ಕಿಲೋಮೀಟರ್ ಉದ್ದವಿತ್ತು. ಭೂಮಿಯಿಂದ ಚಂದ್ರನಿಗಿರುವ ದೂರಕ್ಕಿಂತ ಇದು ಹೆಚ್ಚು. ಆ ಬಾಲವನ್ನು ಹಿಂದಕ್ಕೆಳೆದು ರೂಪಿಸುತ್ತಿರುವುದು ನಕ್ಷತ್ರದ ಗಾಳಿ ಎಂದು ಸಂಶೋಧಕರು ವಿವರಿಸಿದರು. ಹ್ಯಾಟ್-ಪಿ-32 ಬಿ ಎಂಬ ಇನ್ನೊಂದು ಗ್ರಹದಲ್ಲಿ ಹೀಲಿಯಂ ಹಿಂದಕ್ಕೂ ಮುಂದಕ್ಕೂ ಚಾಚಿ, ಗ್ರಹದ ತ್ರಿಜ್ಯದ ಐವತ್ತಕ್ಕೂ ಹೆಚ್ಚು ಪಟ್ಟು ಹರಡಿರುವುದು 2023ರಲ್ಲಿ ತಿಳಿಯಿತು.

ಇಲ್ಲಿಯವರೆಗಿನ ಕಥೆಯಲ್ಲಿ ನಕ್ಷತ್ರ ಬಡಿಯುತ್ತದೆ, ಗ್ರಹ ಸಹಿಸುತ್ತದೆ. ಆದರೆ ಗ್ರಹ ತಿರುಗಿ ನಕ್ಷತ್ರದ ಮೇಲೆ ಪರಿಣಾಮ ಬೀರಬಲ್ಲುದೇ? ನನ್ನ ಮಟ್ಟಿಗೆ ಈ ಇಡೀ ವಿಷಯದ ಅತ್ಯಂತ ಚೆಲುವಾದ ಭಾಗ ಇದೇ.

ಹೊಳೆಯಲ್ಲಿ ನೀರು ಮೆಲ್ಲಗೆ ಹರಿಯುವ ಕಡೆ ಕಲ್ಲೊಂದನ್ನು ಎಸೆದರೆ ಅಲೆಯ ಬಳೆ ಮೇಲ್ಗಡೆಗೂ ಸರಿಯುತ್ತದೆ, ಕೆಳಗಡೆಗೂ ಸರಿಯುತ್ತದೆ. ಸೆಳೆತ ಜೋರಾಗಿರುವ ಕಡೆ ಎಸೆದರೆ ಅಲೆಗಳೆಲ್ಲ ಕೆಳಕ್ಕೇ ಕೊಚ್ಚಿಹೋಗುತ್ತವೆ. ಕಲ್ಲು ಬಿದ್ದ ಸುದ್ದಿ ಮೇಲ್ಗಡೆಯ ನೀರಿಗೆ ಮುಟ್ಟುವುದೇ ಇಲ್ಲ. ನಕ್ಷತ್ರದ ಗಾಳಿಯೂ ಹಾಗೆಯೇ. ಅದರೊಳಗಿನ ಕಾಂತರೇಖೆಗಳು ವೀಣೆಯ ತಂತಿಯಂತೆ ಮಿಡಿಯಬಲ್ಲವು. ತಂತಿ ಬಿಗಿಯಾದಷ್ಟೂ, ಹಗುರವಾದಷ್ಟೂ ಅಲೆ ಬೇಗ ಓಡುತ್ತದೆ. ಇಲ್ಲಿ ಕಾಂತಕ್ಷೇತ್ರ ಬಲವಾದಷ್ಟೂ, ಪ್ಲಾಸ್ಮಾ ತೆಳುವಾದಷ್ಟೂ ಬೇಗ. ಈ ಅಲೆಗಳನ್ನು 1942ರಲ್ಲೇ ಊಹಿಸಿದ ಸ್ವೀಡನ್ನಿನ ಹಾನೆಸ್ ಆಲ್ಫ್ವೇನ್ ಅವರ ಹೆಸರೇ ಅವಕ್ಕಿದೆ. ನಕ್ಷತ್ರದ ಹತ್ತಿರ ಗಾಳಿಗಿಂತ ಆಲ್ಫ್ವೇನ್ ಅಲೆಯೇ ವೇಗ. ದೂರ ಹೋದಂತೆ ಗಾಳಿಯ ವೇಗ ಏರುತ್ತದೆ, ಅಲೆಯ ವೇಗ ಇಳಿಯುತ್ತದೆ. ಎರಡೂ ಸರಿಸಮವಾಗುವ ಗಡಿಯೊಂದಿದೆ. ಗಡಿಯ ಆಚೆ ಇರುವ ಗ್ರಹದ ಮಿಡಿತ ನಕ್ಷತ್ರಕ್ಕೆ ತಲುಪುವುದಿಲ್ಲ. ಈಚೆ ಇರುವ ಗ್ರಹದ್ದು ತಲುಪುತ್ತದೆ.

ಇದು ಬರೀ ಕಾಗದದ ಮೇಲಿನ ಗೆರೆಯಲ್ಲ. ಪಾರ್ಕರ್ ಅವರ ಹೆಸರು ಹೊತ್ತ ನಾಸಾದ ನೌಕೆ 2021ರ ಏಪ್ರಿಲ್ 28ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 1.3 ಕೋಟಿ ಕಿಲೋಮೀಟರ್ ದೂರದಲ್ಲಿ ಆ ಗಡಿಯನ್ನು ಮೊದಲ ಬಾರಿ ದಾಟಿತು. ಸೂರ್ಯನ ತ್ರಿಜ್ಯದ ಲೆಕ್ಕದಲ್ಲಿ ಅದು 18.8. ಗಡಿ ನುಣುಪಾಗಿಲ್ಲ, ಏರುತಗ್ಗುಗಳಿಂದ ಸುಕ್ಕುಗಟ್ಟಿದೆ ಎಂಬುದೂ ತಿಳಿಯಿತು. 2022ರ ಮಾರ್ಚಿನಲ್ಲಿ ತೀರಿಕೊಂಡ ಯೂಜೀನ್ ಪಾರ್ಕರ್ ಆ ಸುದ್ದಿ ಕೇಳುವಷ್ಟು ಕಾಲ ಬದುಕಿದ್ದರು ಎಂಬುದು ಸಮಾಧಾನದ ಮಾತು. ಸೂರ್ಯನ ಯಾವ ಗ್ರಹವೂ ಈ ಗಡಿಯ ಹತ್ತಿರ ಇಲ್ಲ. 11 ತ್ರಿಜ್ಯದ ದೂರದಲ್ಲಿರುವ 51 ಪೆಗಾಸಿ ಬಿ ಥರದ ಗ್ರಹಗಳಾದರೋ ಗಡಿಯ ಒಳಗೇ ಬೀಳಬಹುದಾದವು. ಅವು ನಕ್ಷತ್ರದೊಡನೆ ಕಾಂತತಂತಿಗಳಿಂದ ಬಿಗಿದುಕೊಂಡ ಲೋಕಗಳು.

ಇಂಥ ನಂಟಿಗೆ ನಮ್ಮ ಸೌರಮಂಡಲದಲ್ಲೇ ಒಂದು ಸಣ್ಣ ಮಾದರಿಯಿದೆ. ಗುರುವಿನ ಚಂದ್ರ ಅಯೋ, ಗುರುವಿನ ಕಾಂತಕ್ಷೇತ್ರದೊಳಗೆ ಸುತ್ತುತ್ತ ಆಲ್ಫ್ವೇನ್ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆಗಳು ಗುರುವಿನ ಧ್ರುವಗಳತ್ತ ಓಡಿ, ಅಲ್ಲಿ ಹೊಳೆಯುವ ಚುಕ್ಕೆಯೊಂದನ್ನು ಮೂಡಿಸುತ್ತವೆ. ಅಯೋ ಸಾಗಿದಂತೆ ಚುಕ್ಕೆಯೂ ಸಾಗುತ್ತದೆ. ಗುರುವಿನ ರೇಡಿಯೋ ಸದ್ದು ಅಯೋ ಇರುವ ಜಾಗಕ್ಕೆ ತಕ್ಕಂತೆ ಏರಿಳಿಯುವುದನ್ನು ಕೀತ್ ಬಿಗ್ 1964ರಲ್ಲೇ ಗುರುತಿಸಿದ್ದರು. ಗುರುವಿನ ಜಾಗದಲ್ಲಿ ನಕ್ಷತ್ರವನ್ನೂ ಅಯೋ ಜಾಗದಲ್ಲಿ ಬಿಸಿ ಗುರುವನ್ನೂ ಇಟ್ಟು ನೋಡಿದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಎವ್ಜೆನ್ಯಾ ಷ್ಕೋಲ್ನಿಕ್ ಮತ್ತು ಸಂಗಡಿಗರು ಎಚ್‌ಡಿ 179949 ಎಂಬ ನಕ್ಷತ್ರದ ಕ್ಯಾಲ್ಸಿಯಂ ಗೆರೆಗಳನ್ನು ಗಮನಿಸಿ, ಅವುಗಳ ಹೊಳಪು ಮೂರು ದಿನಕ್ಕೊಮ್ಮೆ, ಗ್ರಹದ ಸುತ್ತಿಗೆ ಸರಿಯಾಗಿ ಏರುತ್ತದೆಂದು 2003ರಲ್ಲಿ ವರದಿ ಮಾಡಿದರು. ನಕ್ಷತ್ರದ ಮೈಮೇಲೆ ಗ್ರಹದ ಹೆಜ್ಜೆ ಗುರುತು! ಕ್ಯಾಲ್ಸಿಯಮ್ಮಿನ ಈ ಗೆರೆ ನಮ್ಮ ದೇಶದ ಖಗೋಳಜ್ಞರಿಗೆ ಹಳೆಯ ಪರಿಚಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕೊಡೈಕನಾಲ್ ವೀಕ್ಷಣಾಲಯ ಇಪ್ಪತ್ತನೇ ಶತಮಾನದ ಮೊದಲ ದಶಕದಿಂದಲೇ ಇದೇ ಗೆರೆಯಲ್ಲಿ ಸೂರ್ಯನ ಚಿತ್ರಗಳನ್ನು ತೆಗೆದಿಟ್ಟಿದೆ. ಕಾಂತಕ್ಷೇತ್ರ ಚುರುಕಾದ ಕಡೆ ಈ ಗೆರೆ ಹೊಳೆಯುತ್ತದೆ ಎಂಬುದು ಸೂರ್ಯನಿಂದಲೇ ಕಲಿತ ಪಾಠ. ಎಚ್‌ಡಿ 179949ರಲ್ಲಿ ಮಾತ್ರ ಆ ಹೊಳಪು ಕೆಲವು ವರ್ಷ ಕಂಡು, ಕೆಲವು ವರ್ಷ ಕಾಣಲಿಲ್ಲ. ನಕ್ಷತ್ರದ ಕಾಂತಕ್ಷೇತ್ರವೇ ಕಾಲಕಾಲಕ್ಕೆ ಮರುಜೋಡಣೆಯಾಗುವುದರಿಂದ ತಂತಿ ಬೆಸೆಯುವುದೂ ಕಳಚುವುದೂ ಸಹಜವೇ. ಆದರೆ ಇದೇ ಕಾರಣಕ್ಕೆ ಸಂಶಯವೂ ಉಳಿಯಿತು. ನಕ್ಷತ್ರ ತನ್ನಷ್ಟಕ್ಕೆ ತಾನೇ ಮಿನುಗಿದ್ದನ್ನು ಗ್ರಹದ ಲೆಕ್ಕಕ್ಕೆ ಹಾಕಿದೆವೇ ಎಂಬ ಪ್ರಶ್ನೆ ಎರಡು ದಶಕ ಕಾಡಿತು.

2025ರ ಜುಲೈನಲ್ಲಿ ಗಟ್ಟಿ ಸಾಕ್ಷ್ಯವೊಂದು ಬಂತು. ಎಚ್‌ಐಪಿ 67522 ಸುಮಾರು 1.7 ಕೋಟಿ ವರ್ಷದ, ನಕ್ಷತ್ರಗಳ ಲೆಕ್ಕದಲ್ಲಿ ಹಸುಗೂಸಾದ ನಕ್ಷತ್ರ. ಗುರುವಿನಷ್ಟು ಗಾತ್ರದ, ಆದರೆ ಬಲು ಹಗುರವಾದ ಗ್ರಹವೊಂದು ಅದನ್ನು ಏಳು ದಿನಕ್ಕೊಮ್ಮೆ ಸುತ್ತುತ್ತದೆ. ನೆದರ್ಲೆಂಡ್ಸಿನ ಎಕಟೆರಿನಾ ಇಲಿನ್ ತಂಡ ಟೆಸ್ ಮತ್ತು ಕಿಯಾಪ್ಸ್ ಉಪಗ್ರಹಗಳ ಮಾಹಿತಿಯಲ್ಲಿ 15 ಜ್ವಾಲಾಸ್ಫೋಟಗಳನ್ನು ಎಣಿಸಿತು. ಅವು ಎಲ್ಲೆಂದರಲ್ಲಿ ಚದುರಿರಲಿಲ್ಲ. ಗ್ರಹ ನಕ್ಷತ್ರದ ಮುಂದೆ ಹಾಯುವ ಹೊತ್ತಿನ ಸುತ್ತ ಗುಂಪುಗೂಡಿದ್ದವು. ಗ್ರಹ ಎಬ್ಬಿಸಿದ ಅಲೆ ಕಾಂತರೇಖೆಯ ಗುಂಟ ನಕ್ಷತ್ರಕ್ಕಿಳಿದು, ಅಲ್ಲಿ ಸಿಡಿಯಲು ಕಾದಿದ್ದ ಶಕ್ತಿಗೆ ಕಿಡಿ ತಾಗಿಸುತ್ತಿದೆ ಎಂಬುದು ಅವರ ವಿವರಣೆ. ಇದರ ಫಲವನ್ನು ಉಣ್ಣುವುದೂ ಗ್ರಹವೇ. ಜ್ವಾಲೆಗಳು ತನ್ನ ಕಡೆಗೇ ಸಿಡಿಯುವುದರಿಂದ ಅದಕ್ಕೆ ಆರು ಪಟ್ಟು ಹೆಚ್ಚು ವಿಕಿರಣ ಬಡಿಯುತ್ತದೆ. ಗುರುವಿನ ಗಾತ್ರದ ಆ ಗ್ರಹ ಹತ್ತು ಕೋಟಿ ವರ್ಷದೊಳಗೆ ನೆಪ್ಚೂನಿನ ಗಾತ್ರಕ್ಕೆ ಕುಗ್ಗಬಹುದಂತೆ. ಹತ್ತಿರದ ನಂಟಿನ ಬೆಲೆ ಅದು.

ಬೆಳಕಿನಲ್ಲಷ್ಟೇ ಅಲ್ಲ, ರೇಡಿಯೋ ಅಲೆಗಳಲ್ಲೂ ಈ ನಂಟನ್ನು ಕೇಳುವ ಪ್ರಯತ್ನ ನಡೆದಿದೆ. 12 ಬೆಳಕಿನ ವರ್ಷ ದೂರದ ವೈಜೆಡ್ ಸೆಟಿ ಎಂಬ ಪುಟ್ಟ ಕೆಂಪು ನಕ್ಷತ್ರಕ್ಕೆ ಎರಡು ದಿನಕ್ಕೊಮ್ಮೆ ಸುತ್ತುವ ಗ್ರಹವಿದೆ. ಅಮೆರಿಕದ ವಿಎಲ್ಎ ದೂರದರ್ಶಕ ಅಲ್ಲಿಂದ ಬಂದ ರೇಡಿಯೋ ಸಿಡಿತಗಳನ್ನು ಹಿಡಿದಿದೆ, ಅವು ಗ್ರಹದ ಸುತ್ತಿನ ಒಂದೇ ಹಂತದಲ್ಲಿ ಮರುಕಳಿಸುವಂತೆ ತೋರುತ್ತದೆ ಎಂಬ ಸುದ್ದಿ 2023ರಲ್ಲಿ ಬಂತು. ಅದೇ ನಕ್ಷತ್ರವನ್ನು ಇಟಲಿಯ ಕೊರಾಡೊ ಟ್ರಿಜಿಲಿಯೊ ನೇತೃತ್ವದ ತಂಡ ಆಲಿಸಿದ್ದು ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ನಮ್ಮ ಜಿಎಂಆರ್‌ಟಿಯಿಂದ. ತಲಾ 45 ಮೀಟರ್ ಅಗಲದ ಮೂವತ್ತು ಬಾಣಲೆಗಳ ಆ ಸಮುಚ್ಚಯ ಇಂಥ ಮೆಲುದನಿಯ ಅಲೆಗಳನ್ನು ಕೇಳುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ. ರೇಡಿಯೋ ದನಿಗೆ ಇಷ್ಟೇಕೆ ಮಹತ್ವ ಎಂದರೆ, ದೂರದ ಗ್ರಹಕ್ಕೆ ಕಾಂತಕ್ಷೇತ್ರವಿದೆಯೇ ಎಂದು ತಿಳಿಯಲು ನಮಗಿರುವ ಕೆಲವೇ ದಾರಿಗಳಲ್ಲಿ ಅದೂ ಒಂದು. ಎಚ್ಚರವೂ ಬೇಕು. ಜಿಜೆ 1151 ಎಂಬ ನಕ್ಷತ್ರದ ರೇಡಿಯೋ ದನಿಗೆ ಹತ್ತಿರದ ಗ್ರಹವೇ ಕಾರಣವಿರಬಹುದೆಂದು 2020ರಲ್ಲಿ ವಾದ ಮಂಡನೆಯಾಯಿತು. ಎರಡು ದಿನದ ಸುತ್ತಿನ ಗ್ರಹ ಸಿಕ್ಕಿತೆಂದು ಮರುವರ್ಷ ಒಂದು ತಂಡ ಹೇಳಿತು, ಇನ್ನೊಂದು ತಂಡ ಅಳೆದು ನೋಡಿ ಅದನ್ನು ಅಲ್ಲಗಳೆಯಿತು. ವಿಜ್ಞಾನ ಮುಂದೆ ಸಾಗುವುದು ಹೀಗೆ ಒಬ್ಬರ ಅಳತೆಯನ್ನು ಇನ್ನೊಬ್ಬರು ತೂಗಿ ನೋಡುವುದರಿಂದಲೇ.

ಇದೆಲ್ಲ ಕಾದ ದೈತ್ಯ ಗ್ರಹಗಳ ಸಂಗತಿ, ನಮಗೇನು ಎನ್ನುವಂತಿಲ್ಲ. ನೀರು ದ್ರವರೂಪದಲ್ಲಿ ಉಳಿಯಬಹುದಾದ ದೂರದಲ್ಲಿದೆ ಎಂದು ಸುದ್ದಿಯಾಗುವ ಗ್ರಹಗಳಲ್ಲಿ ಬಹಳಷ್ಟು ಕೆಂಪು ಕುಬ್ಜ ನಕ್ಷತ್ರಗಳ ಸುತ್ತ ಇವೆ. ಈ ನಕ್ಷತ್ರಗಳ ಕಾವು ಕಡಿಮೆ. ಹದವಾದ ಬಿಸಿ ಬೇಕೆಂದರೆ ಗ್ರಹ ಒಲೆಯ ಮಗ್ಗುಲಿಗೇ ಬರಬೇಕು. 2016ರಲ್ಲಿ ಪತ್ತೆಯಾದ ಪ್ರಾಕ್ಸಿಮಾ ಬಿ ನಮಗೆ ಅತ್ಯಂತ ಸಮೀಪದ, ಭೂಮಿಯಷ್ಟೇ ತೂಕದ ಹೊರಲೋಕ. ತನ್ನ ನಕ್ಷತ್ರದಿಂದ ಅದಕ್ಕಿರುವ ದೂರ ಸುಮಾರು 73 ಲಕ್ಷ ಕಿಲೋಮೀಟರ್, ಅಂದರೆ ಭೂಮಿ–ಸೂರ್ಯರ ದೂರದ ಇಪ್ಪತ್ತನೇ ಒಂದು ಪಾಲು. ಟ್ರಾಪಿಸ್ಟ್-1ರ ಏಳೂ ಗ್ರಹಗಳು ಒಂದು ಕೋಟಿ ಕಿಲೋಮೀಟರಿನೊಳಗೆ ಒತ್ತಿಕೊಂಡಿವೆ. ಜೇಮ್ಸ್ ವೆಬ್ ದೂರದರ್ಶಕ ಅವುಗಳಲ್ಲಿ ಒಳಗಿನಿಂದ ಎರಡನೆಯದನ್ನು ನೋಡಿದಾಗ ಶುಕ್ರನಿಗಿರುವಂಥ ದಪ್ಪ ಇಂಗಾಲಾಮ್ಲದ ಹೊದಿಕೆ ಅಲ್ಲಿ ಕಾಣಲಿಲ್ಲ. ಬಿಸಿಲು ಹದವಾಗಿದ್ದ ಮಾತ್ರಕ್ಕೆ ಉಸಿರಾಡಲು ಗಾಳಿ ಉಳಿದಿರಬೇಕೆಂದಿಲ್ಲ.

ಕಾಂತಕ್ಷೇತ್ರವಿದ್ದರೆ ಸಾಕು, ವಾಯುಮಂಡಲ ಉಳಿಯುತ್ತದೆ ಎಂದೂ ಸಲೀಸಾಗಿ ಹೇಳುವಂತಿಲ್ಲ. ಶುಕ್ರನಿಗೆ ಸ್ವಂತ ಕಾಂತಕ್ಷೇತ್ರವಿಲ್ಲ. ಆದರೂ ಅಲ್ಲಿನ ನೆಲದ ಮೇಲಿನ ಒತ್ತಡ ನಮ್ಮದರ ತೊಂಬತ್ತು ಪಟ್ಟಿಗಿಂತ ಹೆಚ್ಚು. ಗ್ರಹದ ತೂಕ, ಒಳಗಿನ ಜ್ವಾಲಾಮುಖಿಗಳ ಮರುಪೂರೈಕೆ, ನಕ್ಷತ್ರದ ವಯಸ್ಸು, ಅದರ ಸಿಡುಕು, ಗಾಳಿಯ ಬಿರುಸು, ಇವೆಲ್ಲ ಕೂಡಿ ಒಂದು ಲೋಕದ ಹಣೆಬರಹ ಬರೆಯುತ್ತವೆ. ನಕ್ಷತ್ರಗಳು ಎಳವೆಯಲ್ಲಿ ಅತಿ ಚುರುಕು. ನಮ್ಮ ಸೂರ್ಯನೂ ಹಾಗೆಯೇ ಇದ್ದ. ಹತ್ತಿರದ ಬಿಸಿ ಲೋಕಗಳನ್ನು ನೋಡುವುದೆಂದರೆ, ಮಂಗಳ ತನ್ನ ಗಾಳಿಯನ್ನು ಕಳೆದುಕೊಂಡ ಆ ಹಳೆಯ ಕಾಲದ ಕ್ರಿಯೆಯನ್ನು ಇವತ್ತು, ದೊಡ್ಡ ಅಕ್ಷರದಲ್ಲಿ ಓದಿದಂತೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. 'ಎರಡನೇ ಭೂಮಿ ಸಿಕ್ಕಿತು' ಎಂಬ ತಲೆಬರಹ ಪತ್ರಿಕೆಯಲ್ಲಿ ಮುಂದೆಯೂ ಬರುತ್ತದೆ, ಬರುತ್ತಲೇ ಇರುತ್ತದೆ. ಆಗ ಎರಡು ಪ್ರಶ್ನೆಗಳನ್ನು ನಾವೆಲ್ಲ ಕೇಳಿಯೇ ಕೇಳುತ್ತೇವೆ: ಎಷ್ಟು ದೊಡ್ಡದು? ಎಷ್ಟು ಬಿಸಿ? ಅವುಗಳ ಜೊತೆ ಮೂರನೆಯದನ್ನೂ ಸೇರಿಸಿಕೊಳ್ಳಿ: ಅದರ ನಕ್ಷತ್ರದ ಗಾಳಿ ಹೇಗಿದೆ? ನಮ್ಮ ಭೂಮಿ ಸೂರ್ಯನಿಂದ 215 ತ್ರಿಜ್ಯ ದೂರದಲ್ಲಿ, ಗಾಳಿ ತೆಳುವಾದ ಕಡೆ, ನಡುವಯಸ್ಸಿನ ಶಾಂತ ನಕ್ಷತ್ರವೊಂದರ ನೆರೆಯಲ್ಲಿ ತನ್ನ ಕೊಡೆ ಹಿಡಿದು ನಿಂತಿದೆ. ನಾವು ಈಗ ಎಳೆದುಕೊಂಡ ಉಸಿರು ಉಳಿದಿರುವುದು ಈ ಎಲ್ಲವೂ ಒಟ್ಟಿಗೆ ಕೂಡಿಬಂದದ್ದರಿಂದ.